ಮುಟ್ಟಿನ ಏರುಪೇರು ಮತ್ತು ಆಯುರ್ವೇದ: ಶೀಶೆಯೇ, ಪಥ್ಯವೇ?

ಹೊಟ್ಟೆಪಾಡಿಗಾಗಿ, ವಿದ್ಯೆಗಾಗಿ, ಉದ್ಯೋಗಕ್ಕಾಗಿ ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರು ತಮ್ಮೊಡನೆ ಭಾಷೆಯನ್ನೂ ಕುಲದೈವವನ್ನೂ ಅಡುಗೆಯನ್ನೂ ಕೊಂಡೊಯ್ದಂತೆ ಮನೆಮದ್ದನ್ನೂ ಕೊಂಡೊಯ್ದರು. ಊರಿನಿಂದ ಬಂದವರ ಚೀಲದಲ್ಲಿ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿಗಳ ಪಕ್ಕದಲ್ಲಿ ಕಷಾಯದ ಪುಡಿ, ಲೇಹ್ಯದ ಡಬ್ಬಿ, ಅರಿಷ್ಟದ ಶೀಶೆ ಇರುವುದು ಇಂದಿಗೂ ಅಪರೂಪವಲ್ಲ. ಮನೆಯ ಹೆಣ್ಣುಮಗಳಿಗೆ ಮುಟ್ಟು ತಿಂಗಳು ತಪ್ಪಿ ಬರತೊಡಗಿದರೆ ಮೊದಲು ತೆರೆಯುವುದೂ ಆ ಶೀಶೆಯ ಮುಚ್ಚಳವೇ. ಈ ನಂಬಿಕೆಯನ್ನು ಅಜ್ಞಾನವೆಂದು ಹೀಗಳೆಯುವುದು ಸಲ್ಲದು. ಆದರೆ ನಂಬಿಕೆಯ ಹೆಸರಿನಲ್ಲಿ ಪರೀಕ್ಷೆಯನ್ನು ಮುಂದೂಡುವುದೂ ಸಲ್ಲದು. ಆಯುರ್ವೇದದ ನಿಜವಾದ ಬಲ ಎಲ್ಲಿದೆ, ಅದರ ಹೆಸರಿನಲ್ಲಿ ಮಾರಾಟವಾಗುತ್ತಿರುವುದು ಯಾವುದು ಎಂಬ ವಿವೇಚನೆ ಇಲ್ಲದೆ ಹೋದರೆ ನಷ್ಟವನ್ನು ಅನುಭವಿಸುವವಳು ಮನೆಯ ಮಗಳು.

ರೋಗದ ಸ್ವರೂಪ

ಹರೆಯದ ಹೆಣ್ಣುಮಕ್ಕಳಲ್ಲಿ ಮುಟ್ಟಿನ ಏರುಪೇರಿಗೆ ಇಂದು ಬಹು ಸಾಮಾನ್ಯವಾಗಿ ಕಂಡುಬರುವ ಕಾರಣವೆಂದರೆ ಪಾಲಿಸಿಸ್ಟಿಕ್ ಓವರಿ, ಅಂದರೆ ಪಿ.ಸಿ.ಓ.ಎಸ್. ಎಂದು ವೈದ್ಯರು ಕರೆಯುವ ಲಕ್ಷಣಸಮೂಹ. ಸಂತಾನವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೧೦ರ ಆಸುಪಾಸಿನಲ್ಲಿ ಇದು ಇದೆಯೆಂದೂ, ಅವರಲ್ಲಿ ಬಹುಮಂದಿಗೆ ತಮಗೆ ಇದು ಇರುವುದೇ ತಿಳಿದಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ೧೯೩೫ರಲ್ಲಿ ಅಮೆರಿಕದ ಶಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಂದಿ ಸ್ತ್ರೀಯರನ್ನು ಪರೀಕ್ಷಿಸಿ ಇದನ್ನು ವಿವರಿಸಿದರು. ಅವರ ದೃಷ್ಟಿ ಅಂಡಾಶಯದ ಮೇಲೆ ನೆಟ್ಟಿದ್ದುದರಿಂದ ರೋಗಕ್ಕೆ ಅಂಡಾಶಯದ ಹೆಸರೇ ನಿಂತಿತು. ಈ ಹೆಸರೇ ಅನೇಕ ಭಯಗಳಿಗೆ ಮೂಲವೂ ಆಯಿತು.

ವಸ್ತುಸ್ಥಿತಿ ಬೇರೆ. ಅಲ್ಟ್ರಾಸೌಂಡ್ ಚಿತ್ರದಲ್ಲಿ ಮಣಿಸರದಂತೆ ತೋರುವ ೨ರಿಂದ ೯ ಮಿಲಿಮೀಟರ್ ಗಾತ್ರದ ಬೊಕ್ಕೆಗಳು ಗೆಡ್ಡೆಗಳಲ್ಲ, ಕತ್ತರಿಸಿ ತೆಗೆಯಬೇಕಾದ ನೀರುಗುಳ್ಳೆಗಳೂ ಅಲ್ಲ. ಪಕ್ವವಾಗಬೇಕಾಗಿದ್ದ ಅಂಡಕೋಶಿಕೆಗಳು ಅರ್ಧದಾರಿಯಲ್ಲಿ ಬೆಳವಣಿಗೆ ನಿಲ್ಲಿಸಿ ಸಾಲುಗಟ್ಟಿ ನಿಂತಿರುವುದೇ ಆ ದೃಶ್ಯ. ಅವು ಹಾಗೆ ನಿಲ್ಲಲು ಕಾರಣ ಇಡೀ ದೇಹದಲ್ಲಿದೆ. ಅನೇಕರಲ್ಲಿ ಇನ್ಸುಲಿನ್ ಎಂಬ ರಸ ದೇಹದಲ್ಲಿ ಇದ್ದರೂ ಅದಕ್ಕೆ ಜೀವಕೋಶಗಳು ಸರಿಯಾಗಿ ಓಗೊಡುವುದಿಲ್ಲ. ಆಗ ಅದು ಇನ್ನೂ ಹೆಚ್ಚಾಗಿ ಸ್ರವಿಸುತ್ತದೆ. ಹೆಚ್ಚಿದ ಇನ್ಸುಲಿನ್ ಅಂಡಾಶಯವನ್ನು ಕೆರಳಿಸಿ ಪುರುಷ ಹಾರ್ಮೋನನ್ನು ಅಗತ್ಯಕ್ಕಿಂತ ಹೆಚ್ಚು ತಯಾರಿಸುವಂತೆ ಮಾಡುತ್ತದೆ. ಅದರ ಫಲವಾಗಿ ಅಂಡಮೋಚನೆ ತಪ್ಪುತ್ತದೆ, ಮುಟ್ಟು ಹಿಂದೆ ಬೀಳುತ್ತದೆ, ಮುಖದ ಮೇಲೆ ಮೊಡವೆ ಏಳುತ್ತದೆ, ಗಲ್ಲ ಮತ್ತು ಮೇಲ್ದುಟಿಯ ಮೇಲೆ ಒರಟು ಕೂದಲು ಮೂಡುತ್ತದೆ, ಕತ್ತಿನ ಹಿಂಭಾಗದ ಚರ್ಮ ಕಪ್ಪಿಡುತ್ತದೆ. ತಾಯಂದಿರು ಕೊಳೆಯೆಂದು ಭಾವಿಸಿ ಉಜ್ಜಿ ಉಜ್ಜಿ ತೊಳೆಯುವ ಆ ಕಪ್ಪು ಬಹುಮಟ್ಟಿಗೆ ಇನ್ಸುಲಿನ್ನಿನ ಏರಿಕೆಯ ಗುರುತು. ಸ್ಥೂಲಕಾಯರಲ್ಲಿ ಇದು ಹೆಚ್ಚೆಂಬುದು ನಿಜ. ಆದರೆ ಸಣಕಲು ಮೈಯವರಲ್ಲಿಯೂ ಉಂಟು, ಮನೆತನದ ಪಾಲೂ ಉಂಟು. ಆದುದರಿಂದ ಇದು ಹುಡುಗಿಯ ಸೋಮಾರಿತನದ ಅಥವಾ ಹೊಟ್ಟೆಬಾಕತನದ ಫಲವೆಂದು ಹಂಗಿಸುವುದು ಅನ್ಯಾಯ.

ತಿಂಗಳಿಗೆ ಬರಬೇಕಾದುದು ಬರದಿದ್ದರೆ ತೊಂದರೆಯೊಂದು ತಪ್ಪಿತೆಂದು ಸುಮ್ಮನಿರುವವರೂ ಉಂಟು. ಅಂಡಮೋಚನೆ ಆಗದಿದ್ದಾಗ ಗರ್ಭಕೋಶದ ಒಳಪೊರೆ ಕಳಚಿ ಬೀಳದೆ ದಪ್ಪವಾಗುತ್ತಲೇ ಹೋಗುತ್ತದೆ. ವರ್ಷಗಟ್ಟಲೆ ಹೀಗೆಯೇ ಬಿಟ್ಟರೆ ಒಳಪೊರೆಯ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಸುರಿನಲ್ಲಿ ತೊಡಕು, ಮನಸ್ಸಿನ ಕುಗ್ಗುವಿಕೆ ಇವುಗಳ ಸಂಭವವೂ ಹೆಚ್ಚೇ. "ಮದುವೆಯಾದರೆ ಎಲ್ಲ ತಾನಾಗಿ ಸರಿಹೋಗುತ್ತದೆ" ಎಂಬ ಹಿರಿಯರ ಸಮಾಧಾನದ ಮಾತಿಗೆ ಯಾವ ಶಾಸ್ತ್ರದ ಆಧಾರವೂ ಇಲ್ಲ.

ಪ್ರಾಚೀನರು ಕಂಡದ್ದು

ಪಿ.ಸಿ.ಓ.ಎಸ್. ಎಂಬುದಕ್ಕೆ ಸರಿಸಮನಾದ ಒಂದೇ ಹೆಸರು ಆಯುರ್ವೇದ ಗ್ರಂಥಗಳಲ್ಲಿ ಇಲ್ಲ. ಇದೆಯೆಂದು ಸಾಧಿಸುವ ಹಟವೂ ಬೇಕಿಲ್ಲ. ಆದರೆ ಲಕ್ಷಣಗಳು ಪ್ರಾಚೀನರ ಕಣ್ಣಿಗೆ ಬಿದ್ದಿದ್ದವು. ಮುಟ್ಟು ಸಕಾಲದಲ್ಲಿ ಕಾಣಿಸದಿರುವುದು, ಅಲ್ಪವಾಗಿ ಕಾಣಿಸುವುದು, ನೋವಿನೊಡನೆ ಬರುವುದು ಇವನ್ನು ಸುಶ್ರುತ ಸಂಹಿತೆ ಆರ್ತವಕ್ಷಯವೆಂದು ಹೇಳಿ, ಶೋಧನವನ್ನೂ ಆಗ್ನೇಯ ದ್ರವ್ಯಗಳ ಬಳಕೆಯನ್ನೂ ವಿಧಿಸುತ್ತದೆ. ದೋಷಗಳು ಮಾರ್ಗವನ್ನು ಮುಚ್ಚಿದುದರಿಂದ ಮುಟ್ಟು ನಿಂತುಹೋದುದನ್ನು ನಷ್ಟಾರ್ತವವೆಂದು ಕರೆದು, ಅದಕ್ಕೆ ಹುರುಳಿ, ಎಳ್ಳು, ಉದ್ದು ಮೊದಲಾದುವನ್ನು ಆಹಾರವಾಗಿ ಸೂಚಿಸುತ್ತದೆ. ಕಾಶ್ಯಪ ಸಂಹಿತೆಯ ರೇವತೀಕಲ್ಪದಲ್ಲಿ ಪುಷ್ಪಘ್ನೀ ಎಂಬ ಸ್ಥಿತಿಯೊಂದರ ವರ್ಣನೆ ಬರುತ್ತದೆ: ಆಕೆಗೆ ಪುಷ್ಪವುಂಟು, ಆದರೆ ಅದು ವ್ಯರ್ಥ, ಕೆನ್ನೆ ದಪ್ಪ, ಅದರ ಮೇಲೆ ಕೂದಲು. ಸ್ರಾವವಾಗುವುದೇ ಬೇರೆ, ಫಲ ಕಟ್ಟುವುದೇ ಬೇರೆ ಎಂಬ ಈ ತಿಳಿವಳಿಕೆ ಇಂದಿನ ಚಿಕಿತ್ಸೆಯ ವಿಷಯದಲ್ಲಿಯೂ ನೆನಪಿಡತಕ್ಕದ್ದು.

ಇದಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದು ಪ್ರಮೇಹ ಮತ್ತು ಸ್ಥೌಲ್ಯಗಳ ಪ್ರಕರಣ. ಕುಳಿತೇ ಇರುವ ಸುಖ, ಮಲಗಿಯೇ ಇರುವ ಸುಖ, ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ತಿನಿಸುಗಳ ಅತಿಸೇವನೆ ಇವು ಪ್ರಮೇಹಕ್ಕೆ ಕಾರಣವೆಂದು ಚರಕ ಸಂಹಿತೆ ಹೇಳುತ್ತದೆ. ಸುಶ್ರುತನಾದರೋ ಬಡ ರೋಗಿಗೆ ಬರಿಗಾಲಿನಲ್ಲಿ ನೂರು ಯೋಜನ ನಡೆಯುವಂತೆ, ಇಲ್ಲವೆ ಬಾವಿ ತೋಡುವಂತೆ ವಿಧಿಸುತ್ತಾನೆ. ಇನ್ಸುಲಿನ್ ಎಂಬ ಹೆಸರೇ ಇಲ್ಲದ ಕಾಲದಲ್ಲಿ ಅದರ ದಾರಿಯನ್ನು ಸರಿಪಡಿಸುವ ಉಪಾಯ ಇಷ್ಟು ಸ್ಪಷ್ಟವಾಗಿ ಹೊಳೆದಿತ್ತು. ತೂಕ ಹೆಚ್ಚಿರುವವರು ತಮ್ಮ ತೂಕದಲ್ಲಿ ನೂರಕ್ಕೆ ೫ರಿಂದ ೧೦ರಷ್ಟನ್ನು ಇಳಿಸಿದರೂ ಅನೇಕರಲ್ಲಿ ಅಂಡಮೋಚನೆ ಮರಳುತ್ತದೆಂದು ಇಂದಿನ ವೈದ್ಯವೂ ಹೇಳುತ್ತದೆ. ಮೊದಲ ಚಿಕಿತ್ಸೆ ನಿದಾನ ಪರಿವರ್ಜನ, ಅಂದರೆ ಕಾರಣವನ್ನು ತೊರೆಯುವುದು. ಈ ಒಂದು ಸೂತ್ರದಲ್ಲಿ ಎರಡು ವೈದ್ಯಪದ್ಧತಿಗಳೂ ಕೈಕೈ ಹಿಡಿಯುತ್ತವೆ.

ಶೀಶೆಯ ಆಯುರ್ವೇದ

ಹೀಗಿದ್ದೂ ಮಾರುಕಟ್ಟೆಯಲ್ಲಿ ಆಯುರ್ವೇದವೆಂಬ ಹೆಸರಿನಲ್ಲಿ ಸಿಗುವುದು ಪಥ್ಯವಲ್ಲ, ಶೀಶೆ. ಅಶೋಕಾರಿಷ್ಟವನ್ನೇ ತೆಗೆದುಕೊಂಡರೆ, "ಹೆಂಗಸರ ಔಷಧಿ" ಎಂದು ಪ್ರಸಿದ್ಧವಾದ ಅದು ಮುಖ್ಯವಾಗಿ ಅತಿಸ್ರಾವಕ್ಕೆ ಹೇಳಿದ್ದು. ಮುಟ್ಟೇ ಬಾರದ ಹುಡುಗಿಗೆ ಅದನ್ನು ಕುಡಿಸುವುದು ಶಾಸ್ತ್ರಕ್ಕೂ ಒಪ್ಪದ ಮಾತು. ಬೆಲ್ಲ ಹಾಕಿ ಹುದುಗಿಸಿದ ಅರಿಷ್ಟಗಳಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶವೂ ಇರುತ್ತದೆ. ರಜಃಪ್ರವರ್ತಿನೀ ವಟಿಯಲ್ಲಿ ಲೋಳೆಸರದ ಸಾರ, ಇಂಗು, ಬಿಳಿಗಾರ, ಅನ್ನಭೇದಿ ಇವು ಸೇರಿರುತ್ತವೆ. ಅದನ್ನು ಬಸುರಿಯರಿಗೆ ಕೊಡಕೂಡದು. ಆದುದರಿಂದ ಮದುವೆಯಾದ ಹೆಣ್ಣಿನ ಮುಟ್ಟು ನಿಂತಾಗ ಬಸುರಿನ ಪರೀಕ್ಷೆ ಮಾಡಿಸದೆ ಅಂಗಡಿಯಿಂದ ತಂದು ನುಂಗಿಸುವುದು ಎಂತಹ ಸಾಹಸವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿರಪಾಯವೆಂದು ತೋರುವ ಜ್ಯೇಷ್ಠಮಧುವನ್ನು ಕೂಡ ತಿಂಗಳುಗಟ್ಟಲೆ ಸೇವಿಸಿದರೆ ರಕ್ತದೊತ್ತಡ ಏರುವುದುಂಟು. ಸಸ್ಯದಿಂದ ಬಂದುದೆಲ್ಲ ಸಾಧುವೆಂದು ಚರಕನೂ ಹೇಳಲಿಲ್ಲ, ಸುಶ್ರುತನೂ ಹೇಳಲಿಲ್ಲ.

ರಸೌಷಧಿಗಳ ವಿಷಯ ಇನ್ನೂ ಗಂಭೀರವಾದುದು. ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ದೊರೆಯುತ್ತಿದ್ದ ೭೦ ಆಯುರ್ವೇದ ತಯಾರಿಕೆಗಳನ್ನು ಪರೀಕ್ಷಿಸಿದಾಗ ೧೪ರಲ್ಲಿ ಸೀಸ, ಪಾದರಸ ಅಥವಾ ಪಾಷಾಣದ ಅಂಶ ಸಿಕ್ಕಿತೆಂದು ೨೦೦೪ರಲ್ಲಿ ಪ್ರಕಟವಾಯಿತು. ತಾಯಿಯ ಎಲುಬಿನಲ್ಲಿ ನಿಂತ ಸೀಸ ಮುಂದೆ ಮಗುವಿಗೂ ಹರಿಯಬಲ್ಲುದು. ಮಗು ಬೇಕೆಂದು ಔಷಧಿ ಸೇವಿಸುವವಳಿಗೆ ಇದಕ್ಕಿಂತ ದೊಡ್ಡ ವಿಪರ್ಯಾಸವಿಲ್ಲ. ವಿಷದ್ರವ್ಯಗಳ ಪಟ್ಟಿಯಲ್ಲಿರುವ ವಸ್ತು ಸೇರಿದ ಔಷಧಿಯನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂದು ಶೀಶೆಯ ಮೇಲೆ ಮುದ್ರಿಸಬೇಕೆಂಬ ನಿಯಮ ಇದೆ. ಆ ಸಣ್ಣಕ್ಷರವನ್ನು ಓದುವವರು ಎಷ್ಟು ಮಂದಿ?

ಇನ್ನು ಜಾಹೀರಾತು. "ಮೂರೇ ತಿಂಗಳಲ್ಲಿ ಪಿ.ಸಿ.ಓ.ಎಸ್. ಬೇರುಸಹಿತ ಮಾಯ" ಎಂಬಂತಹ ಭರವಸೆಗಳು ಮೊಬೈಲಿನ ಪರದೆಯ ಮೇಲೆ ನಿತ್ಯವೂ ಹರಿಯುತ್ತಿವೆ. ೧೯೫೪ರ ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ ಸ್ತ್ರೀಯರ ಮುಟ್ಟಿನ ದೋಷವನ್ನು ಸರಿಪಡಿಸುವುದಾಗಿ ಔಷಧಿಯ ಜಾಹೀರಾತು ಕೊಡುವುದನ್ನು ನಿಷೇಧಿಸಿದೆಯೆಂಬುದು ಬಹುಮಂದಿಗೆ ತಿಳಿಯದು. ಅಂತಹ ಭರವಸೆ ಆಯುರ್ವೇದಕ್ಕೂ ವಿರುದ್ಧವಾದುದೇ. ಸಾಧ್ಯ, ಅಸಾಧ್ಯಗಳ ನಡುವೆ ಯಾಪ್ಯವೆಂಬ ಮೂರನೆಯ ವರ್ಗವನ್ನು ಆಚಾರ್ಯರು ಹೇಳಿದ್ದಾರೆ. ಪಥ್ಯ ನಡೆಯುವಷ್ಟು ದಿನ ಹತೋಟಿಯಲ್ಲಿದ್ದು, ಪಥ್ಯ ಬಿಟ್ಟೊಡನೆ ತಲೆಯೆತ್ತುವ ರೋಗ ಯಾಪ್ಯ. ಈ ರೋಗದ ಸ್ವಭಾವಕ್ಕೆ ಇದಕ್ಕಿಂತ ಒಪ್ಪುವ ಮಾತು ಇನ್ನೊಂದಿಲ್ಲ. ಬೇರುಸಹಿತ ಕೀಳುತ್ತೇನೆನ್ನುವವನು ಎರಡು ಶಾಸ್ತ್ರಗಳಿಗೂ ಹೊರಗಿನವನು.

ಆಧುನಿಕ ವೈದ್ಯದ ಪಾಲಿನ ಲೋಪ

ತಪ್ಪೆಲ್ಲ ಒಂದೇ ಕಡೆ ಇದೆಯೆಂದು ಹೇಳಿದರೆ ನ್ಯಾಯವಾಗದು. ಮಹಾನಗರದ ಆಸ್ಪತ್ರೆಗಳಲ್ಲಿ ಎರಡು ಗಂಟೆ ಕಾದು ಐದು ನಿಮಿಷ ವೈದ್ಯರ ಮುಂದೆ ಕುಳಿತು, ಚೀಟಿಯಲ್ಲಿ ಗರ್ಭನಿರೋಧಕ ಮಾತ್ರೆಯ ಹೆಸರನ್ನು ಪಡೆದು ಹೊರಬರುವ ತಾಯಿಯ ಮನಸ್ಸಿನಲ್ಲಿ ಏನು ಏಳುತ್ತದೆ? ಮದುವೆಯಾಗದ ಮಗಳಿಗೆ ಇದೇಕೆಂದು ಕೇಳಲು ನಾಲಗೆ ಏಳದು; ಹೇಳಲು ವೈದ್ಯರಿಗೆ ಬಿಡುವಿರದು. ಮಾತ್ರೆಯಿಂದ ಗರ್ಭಕೋಶದ ಒಳಪೊರೆಗೆ ರಕ್ಷಣೆ ದೊರೆಯುತ್ತದೆ, ಪುರುಷ ಹಾರ್ಮೋನಿನ ಹಾವಳಿ ತಗ್ಗುತ್ತದೆ, ಆದರೆ ಅದು ಮೂಲದ ದೋಷವನ್ನು ಅಳಿಸದು, ನಿಲ್ಲಿಸಿದರೆ ಏರುಪೇರು ಮರಳಬಹುದು ಎಂಬ ನಾಲ್ಕು ಮಾತುಗಳನ್ನು ತಾಯ್ನುಡಿಯಲ್ಲಿ ಹೇಳಿದ್ದರೆ ಆಕೆ ಮಾತ್ರೆಯನ್ನು ಮೂಲೆಗೆ ಎಸೆದು ಶೀಶೆಯತ್ತ ಹೋಗುತ್ತಿರಲಿಲ್ಲ. ವೈದ್ಯಪಂಡಿತರಾದರೋ ನಾಡಿ ಹಿಡಿದು, ನಿದ್ದೆ, ಹಸಿವು, ಮಲಪ್ರವೃತ್ತಿ, ಮನಸ್ಸು ಎಲ್ಲವನ್ನೂ ವಿಚಾರಿಸುತ್ತಾರೆ. ಜನ ಅವರತ್ತ ಹೋಗುವುದು ಮದ್ದಿಗಿಂತ ಹೆಚ್ಚಾಗಿ ಆ ಮಾತಿಗೆ. ಆಲೋಪತಿ ವೈದ್ಯರು ಇಲ್ಲಿ ಕಲಿಯತಕ್ಕದ್ದು ಉಂಟು.

ಹಾಗೆಯೇ ಆಯುರ್ವೇದವೂ ಕಲಿಯಬೇಕಾದುದು ಉಂಟು. ಕಾಂಚನಾರ ಗುಗ್ಗುಲು, ಶತಾವರಿ, ಕುಮಾರ್ಯಾಸವ, ಬಸ್ತಿಕರ್ಮ ಇವುಗಳಿಂದ ಪ್ರಯೋಜನ ಕಂಡಿತೆಂಬ ಸಣ್ಣಪುಟ್ಟ ಅಧ್ಯಯನಗಳು ಆಯುರ್ವೇದ ಕಾಲೇಜುಗಳಿಂದ ಬರುತ್ತಿವೆ. ಆದರೆ ಬಹುಪಾಲು ಅಧ್ಯಯನಗಳಲ್ಲಿ ರೋಗಿಗಳ ಸಂಖ್ಯೆ ಅಲ್ಪ, ಅವಧಿ ಮೊಟಕು, ಹೋಲಿಸಿ ನೋಡಲು ಬೇರೊಂದು ಗುಂಪಿಲ್ಲ. ಪರೀಕ್ಷೆಗೆ ಒಡ್ಡಿದರೆ ಶಾಸ್ತ್ರಕ್ಕೆ ಕುಂದಿಲ್ಲ. ಯೂರೋಪಿನ ಹಳ್ಳಿಗರು ಬಳಸುತ್ತಿದ್ದ ಗ್ಯಾಲೆಗಾ ಎಂಬ ಗಿಡದ ಸಾರದ ಜಾಡು ಹಿಡಿದ ರಸಾಯನಶಾಸ್ತ್ರಜ್ಞರಿಂದ ೧೯೨೨ರಲ್ಲಿ ಮೆಟ್‌ಫಾರ್ಮಿನ್ ತಯಾರಾಯಿತು. ೧೯೫೭ರಲ್ಲಿ ಅದು ಸಕ್ಕರೆ ಕಾಯಿಲೆಗೆ ಮದ್ದಾಗಿ ಬಂತು. ಇಂದು ಪಿ.ಸಿ.ಓ.ಎಸ್. ಇರುವ ಅನೇಕರಿಗೂ ಅದನ್ನೇ ಕೊಡುತ್ತಾರೆ. ಮನೆಮದ್ದೊಂದು ಲೋಕದ ಮದ್ದಾದುದು ತೂಕ, ಅಳತೆ, ಪರೀಕ್ಷೆಗಳ ದಾರಿಯಿಂದ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು ಆಂಧ್ರದ ಅನಂತಪುರದ ೯೦ ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಯೋಗವನ್ನೂ ಇನ್ನೊಂದಕ್ಕೆ ವ್ಯಾಯಾಮವನ್ನೂ ೧೨ ವಾರ ಮಾಡಿಸಿದರು. ಯೋಗದ ಗುಂಪಿನಲ್ಲಿ ಹಾರ್ಮೋನುಗಳೂ ಇನ್ಸುಲಿನ್ನಿನ ಸ್ಥಿತಿಯೂ ಹೆಚ್ಚು ಸುಧಾರಿಸಿದುದು ೨೦೧೨-೧೩ರಲ್ಲಿ ಪ್ರಕಟವಾಯಿತು. ಭಾರತೀಯ ವಿದ್ಯೆಗೆ ಮನ್ನಣೆ ಬರುವುದು ಇಂತಹ ಕೆಲಸದಿಂದ, ಘೋಷಣೆಯಿಂದಲ್ಲ.

ಮಹಾನಗರದ ಮನೆ

ಹೊರನಾಡ ಕನ್ನಡಿಗರ ಮನೆಗಳಲ್ಲಿ ಇದರ ಜೊತೆಗೆ ಇನ್ನೊಂದು ತೊಡಕೂ ಇದೆ. ಊರಿನ ಹಳೆಯ ಮನೆಗಳಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದರು. ಆ ಕಟ್ಟಳೆ ಹೆಣ್ಣನ್ನು ಕೀಳಾಗಿ ಕಂಡಿತು; ಒಂದೂವರೆ ಕೋಣೆಯ ನಗರದ ಮನೆಯಲ್ಲಿ ಅದು ತಾನಾಗಿ ಅಳಿದದ್ದು ಒಳ್ಳೆಯದೇ ಆಯಿತು. ಆದರೆ ಅದರೊಡನೆ ಇನ್ನೊಂದು ಸಂಗತಿಯೂ ಮರೆಯಾಯಿತು. ಯಾರು ಯಾವಾಗ ಮುಟ್ಟಾದರೆಂಬುದು ಆಗ ಮನೆಯ ಹಿರಿಯ ಹೆಂಗಸಿಗೆ ತಿಳಿದಿರುತ್ತಿತ್ತು, ತಪ್ಪಿದರೆ ಕೇಳುವವರಿರುತ್ತಿದ್ದರು. ಇಂದು ಬೆಳಗಿನ ಲೋಕಲ್ ಹಿಡಿದು ರಾತ್ರಿ ಮನೆ ಸೇರುವ ತಾಯಿಗೂ, ಕಾಲೇಜು, ಟ್ಯೂಷನ್, ರಾತ್ರಿಪಾಳಿಯ ಉದ್ಯೋಗಗಳಲ್ಲಿ ಮುಳುಗಿದ ಮಗಳಿಗೂ ನಡುವೆ ಈ ಮಾತೇ ಇಲ್ಲ. ಐದು ತಿಂಗಳು ಕಳೆದದ್ದು ಮನೆಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಹಳೆಯ ಕಟ್ಟಳೆ ಮರಳಬಾರದು; ಮರಳಬೇಕಾದುದು ವಿಚಾರಿಸುವ ಅಕ್ಕರೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಮನೆಯವರಿಗೆ ಮಗಳ ತಾರೀಖಿಗೊಂದು ಚುಕ್ಕೆ ಇಡಿಸುವುದು ಕಷ್ಟವೇ?

ವಿಷಯವನ್ನು ಮುಚ್ಚಿಡಲು ಇನ್ನೊಂದು ಕಾರಣ ಸಂಬಂಧ ಕುದುರಿಸುವ ಚಿಂತೆ. ಗಂಡಿನ ಕಡೆಯವರ ಕಿವಿಗೆ ಬಿದ್ದರೆ ಮಕ್ಕಳಾಗದ ಹೆಣ್ಣೆಂದು ಹಿಂಜರಿದಾರೆಂಬ ಅಂಜಿಕೆಯಿಂದ ಪರೀಕ್ಷೆಯನ್ನೇ ತಪ್ಪಿಸುವವರುಂಟು. ಪಿ.ಸಿ.ಓ.ಎಸ್. ಎಂದರೆ ಬಂಜೆತನವಲ್ಲ. ಅಂಡಮೋಚನೆ ತಡವಾಗುವುದರಿಂದ ಬಸುರು ತಡವಾಗಬಹುದು. ಆದರೆ ಪಥ್ಯದಿಂದ, ವ್ಯಾಯಾಮದಿಂದ, ಅಗತ್ಯವಿದ್ದರೆ ಲೆಟ್ರೋಜೋಲ್‌ನಂತಹ ಮಾತ್ರೆಯಿಂದ ಬಹುಮಂದಿ ತಾಯಂದಿರಾಗುತ್ತಾರೆ. ಮುಚ್ಚಿಟ್ಟು ಕಳೆದ ವರ್ಷಗಳೇ ನಿಜವಾದ ಕೇಡು.

ಮಾಡತಕ್ಕದ್ದು

ಪರೀಕ್ಷೆಗೆ ಕ್ರಮವುಂಟು. ಮೈನೆರೆದ ಮೊದಲ ವರ್ಷ ಏರುಪೇರು ಸಹಜ. ಮುಂದಿನ ಎರಡು ವರ್ಷ ೨೧ರಿಂದ ೪೫ ದಿನಗಳ ಅಂತರವಿದ್ದರೂ ಗಾಬರಿ ಬೇಡ. ಮೂರು ವರ್ಷಗಳ ಬಳಿಕ ೨೧ಕ್ಕಿಂತ ಕಡಿಮೆ ಅಥವಾ ೩೫ಕ್ಕಿಂತ ಹೆಚ್ಚು ದಿನಗಳ ಅಂತರ, ಇಲ್ಲವೆ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಮುಟ್ಟು ಕಂಡರೆ ವೈದ್ಯರಿಗೆ ತೋರಿಸಬೇಕು. ಮೊದಲ ವರ್ಷ ಕಳೆದ ಮೇಲೆ ಯಾವಾಗಲೇ ಆಗಲಿ ೯೦ ದಿನ ದಾಟಿದರೆ ಕಾಯಬಾರದು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ದೋಷಗಳಿಂದಲೂ ಮುಟ್ಟು ತಪ್ಪುವುದರಿಂದ ಅವನ್ನು ಮೊದಲು ನೋಡಬೇಕು. ಸಕ್ಕರೆ, ರಕ್ತದೊತ್ತಡಗಳನ್ನೂ ಅಳೆಯಿಸಬೇಕು. ಮುಟ್ಟಿನ ಏರುಪೇರು, ಪುರುಷ ಹಾರ್ಮೋನಿನ ಹೆಚ್ಚಳ, ಅಂಡಾಶಯದ ಚಿತ್ರ ಈ ಮೂರರಲ್ಲಿ ಎರಡಾದರೂ ಇದ್ದರೆ ಪಿ.ಸಿ.ಓ.ಎಸ್. ಎಂದು ೨೦೦೩ರಲ್ಲಿ ರಾಟರ್‌ಡ್ಯಾಮಿನಲ್ಲಿ ನಿರ್ಣಯವಾಯಿತು. ಆದರೆ ಮೈನೆರೆದು ಎಂಟು ವರ್ಷ ತುಂಬದ ಹುಡುಗಿಯರಲ್ಲಿ ಬರಿಯ ಚಿತ್ರವನ್ನು ನಂಬಿ ರೋಗದ ಹಣೆಪಟ್ಟಿ ಹಚ್ಚಬಾರದೆಂದು ೨೦೨೩ರ ಅಂತರರಾಷ್ಟ್ರೀಯ ಮಾರ್ಗಸೂಚಿ ಎಚ್ಚರಿಸುತ್ತದೆ.

ರೋಗ ನಿಶ್ಚಯವಾದ ಮೇಲೆ ಆಯುರ್ವೇದವನ್ನು ಆರಿಸಿಕೊಳ್ಳುವವರು ಧಾರಾಳವಾಗಿ ಆರಿಸಿಕೊಳ್ಳಲಿ. ಆದರೆ ಪದವಿ ಪಡೆದು ನೋಂದಣಿಯಾದ ವೈದ್ಯರನ್ನೇ ಕಾಣಲಿ. ಮೈಸೂರಿನಲ್ಲಿ ೧೯೦೮ರಿಂದ, ಮುಂಬಯಿಯ ವರಳಿಯಲ್ಲಿ ೧೯೪೧ರಿಂದ ಆಯುರ್ವೇದ ಕಾಲೇಜುಗಳಿವೆ. ಶಾಸ್ತ್ರವನ್ನು ಕ್ರಮವಾಗಿ ಓದಿದವರಿಗೆ ಬರಗಾಲವಿಲ್ಲ. ನಡೆಯುತ್ತಿರುವ ಮಾತ್ರೆಗಳ ವಿವರವನ್ನು ಅವರಿಂದ ಮುಚ್ಚಿಡಬಾರದು, ಕಷಾಯದ ವಿವರವನ್ನು ಡಾಕ್ಟರರಿಂದಲೂ ಮುಚ್ಚಿಡಬಾರದು. ಮೂರು ತಿಂಗಳಲ್ಲಿ ಮುಟ್ಟು ಕಾಣದಿದ್ದರೆ ಒಳಪೊರೆಯ ರಕ್ಷಣೆಗಾಗಿ ಸ್ತ್ರೀರೋಗತಜ್ಞರನ್ನು ಕಾಣಲೇಬೇಕು. ಒಮ್ಮೆ ಸ್ರಾವವಾದೊಡನೆ ಗುಣವಾಯಿತೆಂದು ತೀರ್ಮಾನಿಸದೆ, ವರ್ಷದ ಕ್ಯಾಲೆಂಡರು, ಸಕ್ಕರೆಯ ಅಂಕಿ, ಸೊಂಟದ ಸುತ್ತಳತೆ ಇವನ್ನು ಸಾಕ್ಷಿಯಾಗಿ ಕೇಳಬೇಕು.

ಊಟದ ವಿಷಯದಲ್ಲಿ ಕನ್ನಡಿಗರು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಹುರುಳಿ ಸಾರು, ಹೆಸರುಕಾಳಿನ ಉಸಲಿ, ಜೋಳದ ರೊಟ್ಟಿ, ಸೊಪ್ಪಿನ ಪಲ್ಯ ಇವು ಊರಿನ ಅಡುಗೆಮನೆಯಲ್ಲಿ ಇದ್ದುವೇ. ಇವು ಮುಟ್ಟನ್ನು ತರಿಸುವ ಮಂತ್ರಗಳಲ್ಲ. ವಡಾಪಾವ್, ಬೇಕರಿ ತಿಂಡಿ, ಬಾಟಲಿಯ ಸಿಹಿನೀರುಗಳ ಸ್ಥಾನವನ್ನು ಇವು ಹಿಡಿದರೆ ಮಾತ್ರ ಪ್ರಯೋಜನ. ಜೊತೆಗೆ ದಿನಕ್ಕೆ ಅರ್ಧ ಗಂಟೆಯ ಬಿರುಸಿನ ನಡಿಗೆ ಅಥವಾ ಯೋಗ, ಹೊತ್ತಿಗೆ ಸರಿಯಾದ ನಿದ್ದೆ. ಮಗಳೊಬ್ಬಳಿಗೇ ಪಥ್ಯ ಹೇರಿ ಉಳಿದವರು ಜಿಲೇಬಿ ಮೆಲ್ಲುವ ಮನೆಯಲ್ಲಿ ಅದು ವಾರವೂ ನಡೆಯದು. ಮನೆಯೆಲ್ಲ ಉಣ್ಣುವ ಊಟವೇ ಬದಲಾಗಬೇಕು; ಅದರಿಂದ ತಂದೆಯ ಸಕ್ಕರೆಯೂ ತಾಯಿಯ ಮಂಡಿನೋವೂ ತಗ್ಗಿದರೆ ಅದು ಲಾಭವೇ.

ಕನ್ನಡ ಸಂಘಗಳು ವರ್ಷಕ್ಕೊಮ್ಮೆ ನೇತ್ರ ತಪಾಸಣೆ, ಸಕ್ಕರೆ ತಪಾಸಣೆಗಳನ್ನು ಏರ್ಪಡಿಸುವುದು ಶ್ಲಾಘನೀಯ. ಅದರ ಜೊತೆಗೆ ಸ್ತ್ರೀರೋಗತಜ್ಞರೊಬ್ಬರನ್ನೂ ಆಯುರ್ವೇದ ವೈದ್ಯರೊಬ್ಬರನ್ನೂ ಒಂದೇ ವೇದಿಕೆಯ ಮೇಲೆ ಕೂರಿಸಿ, ತಾಯಂದಿರೂ ಹೆಣ್ಣುಮಕ್ಕಳೂ ಸಂಕೋಚವಿಲ್ಲದೆ ಕನ್ನಡದಲ್ಲಿ ಪ್ರಶ್ನೆ ಕೇಳುವ ಒಂದು ಸಂಜೆಯನ್ನು ಏರ್ಪಡಿಸಲಿ. ತಂದೆಯರೂ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಕೇಳಲಿ. ಪರಭಾಷೆಯ ಊರಿನಲ್ಲಿ ಮೈಯ ನೋವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳಲು ಒಂದು ಜಾಗ ಸಿಕ್ಕಿದರೆ ಅದು ಸಂಘದ ಸಾರ್ಥಕ ಸೇವೆಯೆನಿಸುತ್ತದೆ.